‘ತಡೆಯಾಜ್ಞೆ’ ಯಾವುದಕ್ಕೆ, ಯಾರಿಗೆ?

ಮಾನ್ಯ ಸಂಪಾದಕರೇ,

‘ತಡೆಯಾಜ್ಞೆ’ ಎಂಬ ಪದವನ್ನು ನಮ್ಮ ಕನ್ನಡ ಪತ್ರಿಕೆಗಳು ಬಳಸುತ್ತಿರುವ ರೀತಿಯ ಬಗ್ಗೆ ಈ ಪತ್ರ. ನಾನು ಚಿತ್ರದುರ್ಗ ಮತ್ತು ದಾವಣಗೆರೆಯ ನ್ಯಾಯಾಲಯಗಳ ಕಚೇರಿಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿ, ಶಿರಸ್ತೇದಾರನಾಗಿ ನಿವೃತ್ತನಾದವನು. ವಕೀಲನಲ್ಲ, ಯಾರಿಗೂ ಕಾನೂನು ಸಲಹೆ ಕೊಡುವ ಅಧಿಕಾರ ನನಗಿಲ್ಲ. ಆದರೆ ಆದೇಶಗಳನ್ನು ತಾಳೆ ನೋಡಿ, ಮೊಹರು ಒತ್ತಿಸಿ, ನಕಲು ಶಾಖೆಯ ಮೂಲಕ ಕಕ್ಷಿದಾರರ ಕೈಗೆ ಕೊಡಿಸಿದ್ದೇನೆ. ಅದನ್ನು ಹಿಡಿದು ಮೆಟ್ಟಿಲಿಳಿಯುವ ಜನ ಅದರಲ್ಲಿ ಏನಿದೆಯೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನೂ ಅಷ್ಟೇ ವರ್ಷ ಕೇಳಿಸಿಕೊಂಡಿದ್ದೇನೆ. ಕಾಗದದಲ್ಲಿ ಇದ್ದದ್ದಕ್ಕೂ ಮೆಟ್ಟಿಲ ಮೇಲೆ ಕೇಳಿದ್ದಕ್ಕೂ ಬಹಳ ಸಲ ಸಂಬಂಧವೇ ಇರುತ್ತಿರಲಿಲ್ಲ.

ಈ ಪತ್ರ ಬರೆಯಲು ಕಾರಣವಾದ ಸಂಗತಿಯನ್ನು ಮೊದಲು ಹೇಳುತ್ತೇನೆ. ಚನ್ನಗಿರಿ ತಾಲ್ಲೂಕಿನ ರೈತರೊಬ್ಬರು ಕೆಲವು ತಿಂಗಳ ಹಿಂದೆ ಪರಿಚಯದವರ ಮೂಲಕ ನನ್ನ ಮನೆ ಹುಡುಕಿಕೊಂಡು ಬಂದರು. ಅವರ ತಂದೆ ತೀರಿಕೊಂಡ ಮೇಲೆ ಅವರ ತಮ್ಮನಾದವನು ಒಂದು ಮರಣಶಾಸನವನ್ನು ಹಾಜರುಪಡಿಸಿ ಅಡಿಕೆ ತೋಟದ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಅಣ್ಣನಾದ ಇವರು ಅದರ ವಿರುದ್ಧ ಉಪವಿಭಾಗಾಧಿಕಾರಿಗಳಲ್ಲಿ ಮೇಲ್ಮನವಿ ಹೂಡಿದರು. ಅಲ್ಲಿ ಅವರಿಗೆ ‘ಸ್ಟೇ ಸಿಕ್ಕಿತು’. ಊರಿನ ಯಾರೋ ಸುದ್ದಿ ಮುಟ್ಟಿಸಿದ್ದರಿಂದ ಪತ್ರಿಕೆಯೊಂದರಲ್ಲಿ (ಅದು ನಿಮ್ಮ ಪತ್ರಿಕೆಯಲ್ಲ, ಆದರೆ ಈ ವಿಷಯದಲ್ಲಿ ನಿಮ್ಮ ಪತ್ರಿಕೆಯೂ ಬೇರೆಯಾಗಿಲ್ಲ) ‘ಅಡಿಕೆ ತೋಟಕ್ಕೆ ತಡೆಯಾಜ್ಞೆ’ ಎಂಬ ತಲೆಬರಹದೊಂದಿಗೆ ಆರು ಸಾಲಿನ ಸುದ್ದಿ ಬಂತು. ಅವರು ಆ ತುಣುಕನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡರು. ಕೊಯ್ಲಿನ ದಿನ ತಮ್ಮನ ಕಡೆಯ ಖೇಣಿದಾರರ (ಫಸಲನ್ನು ಗುತ್ತಿಗೆ ಹಿಡಿದವರ) ಆಳುಗಳು ತೋಟಕ್ಕೆ ಬಂದಾಗ ಆ ತುಣುಕನ್ನೇ ಹಿಡಿದು ಅಡ್ಡ ನಿಂತರು. ಮಾತಿಗೆ ಮಾತು ಬೆಳೆದು ಕೈ ಕೈ ಹತ್ತಿತು. ಪೊಲೀಸ್ ಠಾಣೆಯಲ್ಲಿ ಮೊಕದ್ದಮೆ ದಾಖಲಾದದ್ದು ಇವರ ಮೇಲೆ.

“ಪೇಪರ್ನಾಗೆ ಬಂದೈತಲ್ಲ ಸಾರ್, ತೋಟಕ್ಕೆ ತಡೆಯಾಜ್ಞೆ ಅಂತ. ಮತ್ತೆ ಅವ್ನು ಹೆಂಗ್ ಕೊಯ್ಸಿದ?” ಎಂದು ಅವರು ನನ್ನನ್ನು ಕೇಳಿದರು. ಆದೇಶದ ನಕಲು ಎಲ್ಲಿ ಎಂದು ನಾನು ಕೇಳಿದರೆ, ಅದನ್ನು ಅವರು ಆವರೆಗೆ ಪಡೆದೇ ಇರಲಿಲ್ಲ. ಮುಂದೆ ಅರ್ಜಿ ಹಾಕಿ ತರಿಸಿ ನೋಡಿದಾಗ ಅದರಲ್ಲಿ ಇದ್ದದ್ದು ಇಷ್ಟೇ: ಖಾತೆ ಬದಲಾವಣೆಯ ಆದೇಶವನ್ನು ಮುಂದಿನ ವಿಚಾರಣೆಯವರೆಗೆ ತಡೆಹಿಡಿಯಲಾಗಿದೆ. ತೋಟಕ್ಕೆ ಯಾರು ಹೋಗಬೇಕು, ಯಾರು ಹೋಗಬಾರದು, ಗೊನೆ ಯಾರು ಇಳಿಸಬೇಕು ಎಂಬುದರ ಬಗ್ಗೆ ಒಂದು ಅಕ್ಷರವೂ ಅಲ್ಲಿರಲಿಲ್ಲ, ಇರುವುದಕ್ಕೂ ಸಾಧ್ಯವಿರಲಿಲ್ಲ. ಏಕೆಂದರೆ ಆ ಮೇಲ್ಮನವಿಯ ವಿಷಯ ಖಾತೆಯ ಆದೇಶ, ತೋಟವಲ್ಲ.

ಇಂಗ್ಲಿಷಿನಲ್ಲಿ ‘ಸ್ಟೇ’ ಎಂಬುದೂ ‘ಇಂಜಂಕ್ಷನ್’ ಎಂಬುದೂ ಬೇರೆ ಬೇರೆ. ಕನ್ನಡದಲ್ಲಿ ನಾವು ಎರಡಕ್ಕೂ ‘ತಡೆಯಾಜ್ಞೆ’ ಎನ್ನುತ್ತೇವೆ. ದೋಷ ಪತ್ರಿಕೆಗಳದ್ದು ಮಾತ್ರವೆಂದು ನಾನು ಹೇಳಲಾರೆ. ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ಬರೆದ ಅರ್ಜಿಗಳಲ್ಲಿಯೇ ‘ತಾತ್ಕಾಲಿಕ ತಡೆಯಾಜ್ಞೆ’, ‘ತಾತ್ಕಾಲಿಕ ನಿರ್ಬಂಧಕಾಜ್ಞೆ’, ‘ಪ್ರತಿಬಂಧಕಾಜ್ಞೆ’ ಎಂಬ ಮೂರೂ ರೂಪಗಳು ಇಂಜಂಕ್ಷನ್ನಿಗೆ ಬಳಕೆಯಾಗಿರುವುದನ್ನು ನಾನು ಕಂಡಿದ್ದೇನೆ. ಕೆಲವೊಮ್ಮೆ ಒಂದೇ ಅರ್ಜಿಯ ಮೊದಲ ಪುಟದಲ್ಲಿ ಒಂದು, ಕೊನೆಯ ಪುಟದಲ್ಲಿ ಇನ್ನೊಂದು. ಆದರೆ ಅರ್ಜಿಯನ್ನು ಓದುವ ನ್ಯಾಯಾಧೀಶರಿಗೆ ಅದು ಯಾವ ಕಾಯ್ದೆಯ ಯಾವ ಕಲಮಿನಡಿ ಬಂದಿದೆ ಎಂಬುದು ತಲೆಬರಹದಲ್ಲಿಯೇ ಕಾಣುತ್ತದೆ, ಆದ್ದರಿಂದ ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಪತ್ರಿಕೆಯ ಓದುಗನಿಗೆ ಆ ಸಹಾಯವಿಲ್ಲ. ಅವನ ಬಳಿ ಇರುವುದು ಆ ಒಂದು ಪದ ಮಾತ್ರ.

ಪದದ ಬಗ್ಗೆಯೇ ಒಂದು ಮಾತು. ಕನ್ನಡದ ‘ತಡೆ’ಯನ್ನು ಸಂಸ್ಕೃತದ ‘ಆಜ್ಞೆ’ಗೆ ಕಟ್ಟಿರುವ ಈ ಅರಿಸಮಾಸವನ್ನು ಹಳೆಯ ವ್ಯಾಕರಣಕಾರರು ಮೆಚ್ಚುತ್ತಿದ್ದರೋ ಇಲ್ಲವೋ, ಅದು ಈಗ ಊರಿಗೆಲ್ಲ ಬಳಕೆಯಾಗಿದೆ, ನನಗೆ ಅದರ ಮೇಲೆ ಸಿಟ್ಟಿಲ್ಲ. ತೊಡಕಿರುವುದು ‘ತಡೆ’ ಎಂಬ ಮೊದಲ ಭಾಗದಲ್ಲಿ. ನಮ್ಮ ಕಡೆ ಮನೆಯಲ್ಲಿ ಮಕ್ಕಳಿಗೆ ‘ಸ್ವಲ್ಪ ತಡಿ’ ಎಂದರೆ ಕಾಯಿ ಎಂದರ್ಥ. ‘ಅವನನ್ನು ತಡಿ’ ಎಂದರೆ ಅಡ್ಡಗಟ್ಟು ಎಂದರ್ಥ. ಸ್ಟೇ ಎಂಬುದು ಮೊದಲನೆಯ ‘ತಡಿ’, ಇಂಜಂಕ್ಷನ್ ಎಂಬುದು ಎರಡನೆಯದು. ಕೆಳಗಿನ ನ್ಯಾಯಾಲಯವೋ ಅಧಿಕಾರಿಯೋ ಮಾಡಿದ ಒಂದು ಆದೇಶಕ್ಕೆ, ಅಥವಾ ನಡೆಯುತ್ತಿರುವ ಒಂದು ವಿಚಾರಣೆಗೆ, ಮೇಲಿನವರು ‘ಸ್ವಲ್ಪ ತಡಿ’ ಎನ್ನುವುದು ಸ್ಟೇ. ಒಬ್ಬ ವ್ಯಕ್ತಿಗೆ ‘ನೀನು ಈ ಕೆಲಸ ಮಾಡಕೂಡದು’ ಎನ್ನುವುದು ಇಂಜಂಕ್ಷನ್. ಮೊದಲನೆಯದು ಕಾಗದದ ಮೇಲೆ ಬೀಳುತ್ತದೆ, ಎರಡನೆಯದು ಕೈಯ ಮೇಲೆ. ಚನ್ನಗಿರಿಯ ಆ ರೈತರಿಗೆ ಸಿಕ್ಕಿದ್ದು ಕಾಗದದ ಮೇಲಿನ ತಡೆ. ಅವರು ತಿಳಿದುಕೊಂಡದ್ದು ತಮ್ಮನ ಕೈ ಕಟ್ಟಿದೆಯೆಂದು.

ಸ್ಟೇ ಎಂದರೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ಇನ್ನಷ್ಟು ಬಿಡಿಸಿ ಹೇಳಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ (ಆ ಸಂಹಿತೆಯಲ್ಲಿ ನಿಯಮಗಳ ಅಧ್ಯಾಯಗಳನ್ನೂ ‘ಆದೇಶ’ ಎಂದೇ ಕರೆಯುತ್ತಾರೆ) 5ನೇ ನಿಯಮದ ಪ್ರಕಾರ, ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಯ, ಅಂದರೆ ದಾವೆಯಲ್ಲಿ ನ್ಯಾಯಾಲಯ ಮಾಡಿದ ತೀರ್ಮಾನದ, ಜಾರಿ ನಿಲ್ಲುವುದಿಲ್ಲ. ನಿಲ್ಲಬೇಕೆಂದರೆ ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು, ಗಣನೀಯ ನಷ್ಟವಾಗುತ್ತದೆಂದು ತೋರಿಸಬೇಕು, ತಡಮಾಡದೆ ಬಂದಿರಬೇಕು, ಭದ್ರತೆಯನ್ನೂ (ಜಾಮೀನು ಅಥವಾ ಠೇವಣಿ) ಕೊಡಬೇಕು. ‘ಅಪೀಲು ಹಾಕಿದೀನಿ, ಸ್ಟೇ ಆದಂಗೇನೇ’ ಎನ್ನುವ ಮಾತನ್ನು ನ್ಯಾಯಾಲಯದ ಆವರಣದ ಚಹಾ ಅಂಗಡಿಯಲ್ಲಿ ನಾನು ಕೇಳಿದ ಲೆಕ್ಕವಿಲ್ಲ. ಹಾಗೆ ನಂಬಿ ಮನೆಯಲ್ಲಿ ಕುಳಿತವರ ಬಾಗಿಲಿಗೆ ನ್ಯಾಯಾಲಯದ ಆದೇಶ ಜಾರಿ ಮಾಡುವ ಅಮೀನರು ಜಾರಿ ವಾರಂಟು ಹಿಡಿದು ಹೋದದ್ದೂ ಉಂಟು. ಇನ್ನು ಸ್ಟೇ ಸಿಕ್ಕಿದ ಮೇಲೂ ಕೆಳಗಿನ ಆದೇಶ ಅಳಿಸಿಹೋಗುವುದಿಲ್ಲ. ನಮ್ಮದೇ ರಾಜ್ಯದ ಶ್ರೀ ಚಾಮುಂಡಿ ಮೊಪೆಡ್ಸ್ ಕಂಪನಿಯ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ಆದೇಶವನ್ನು ರದ್ದುಪಡಿಸಿದರೆ ಅದು ಹುಟ್ಟುವುದಕ್ಕೆ ಮುಂಚಿನ ಸ್ಥಿತಿ ಮರಳುತ್ತದೆ, ತಡೆಹಿಡಿದರೆ, ತಡೆಹಿಡಿದ ದಿನದಿಂದ ಅದು ಕೆಲಸ ಮಾಡುವುದಿಲ್ಲ, ಆದರೆ ಅದು ಇದ್ದೇ ಇರುತ್ತದೆ. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ಹೇಳಲು ಕಷ್ಟವಿಲ್ಲ. ತೂಬು ಇಳಿಸಿದರೆ ನೀರು ಹರಿಯುವುದಿಲ್ಲ, ಹಾಗೆಂದು ನಾಲೆ ಮುಚ್ಚಿಹೋಗಲಿಲ್ಲ. ತೂಬು ಎತ್ತಿದ ಗಳಿಗೆಗೆ ನೀರು ಬರುತ್ತದೆ. ಆದ್ದರಿಂದ ‘ಹೈಕೋರ್ಟ್ ತಡೆಯಾಜ್ಞೆ: ಇಂಥವರಿಗೆ ಗೆಲುವು’ ಎಂಬ ತಲೆಬರಹವನ್ನು ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಗೆದ್ದವರು ಇನ್ನೂ ಯಾರೂ ಇಲ್ಲ.

ಇಂಜಂಕ್ಷನ್ನಿನ ಮೂಲ ಬೇರೆ. ಅದರ ಹಕ್ಕು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 36ನೇ ಕಲಮಿನಿಂದ ಮುಂದಕ್ಕೆ ಬರುತ್ತದೆ. ದಾವೆ ನಡೆಯುತ್ತಿರುವಾಗ ಕೊಡುವ ತಾತ್ಕಾಲಿಕ ಆದೇಶದ ವಿಧಾನ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಲ್ಲಿದೆ. ಮೇಲ್ನೋಟಕ್ಕೆ ವಾದಿಯ ಪ್ರಕರಣದಲ್ಲಿ ಹುರುಳಿದೆಯೇ, ಆದೇಶ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟವನ್ನು ಮುಂದೆ ಹಣದಿಂದ ತುಂಬಿಕೊಡಲು ಸಾಧ್ಯವೇ ಎಂಬ ಮೂರನ್ನು ನೋಡಿ ನ್ಯಾಯಾಧೀಶರು ಅದನ್ನು ಕೊಡುತ್ತಾರೆ ಅಥವಾ ನಿರಾಕರಿಸುತ್ತಾರೆ. ಜಮೀನು ಯಾರದು ಎಂಬ ಪ್ರಶ್ನೆಗೆ ಅಲ್ಲಿ ಕೊನೆಯ ಉತ್ತರ ಸಿಗುವುದಿಲ್ಲ. ಆ ಆದೇಶ ಕಟ್ಟುವುದು ಪ್ರತಿವಾದಿಯನ್ನು ಮತ್ತು ಆದೇಶದಲ್ಲಿ ಹೇಳಿದಷ್ಟು ಅವನ ಏಜೆಂಟರು, ಆಳುಗಳು ಮುಂತಾದವರನ್ನು, ಜಮೀನನ್ನಲ್ಲ. ‘ಜಮೀನಿಗೆ ತಡೆಯಾಜ್ಞೆ’ ಎಂಬ ಮಾತಿಗೆ ಕಾನೂನಿನಲ್ಲಿ ಅರ್ಥವೇ ಇಲ್ಲ, ಜಮೀನು ಏನನ್ನೂ ಮಾಡುವುದಿಲ್ಲವಲ್ಲ. ಮಾರಾಟ ಮಾಡದಂತೆ ಒಬ್ಬರಿಗೆ, ಪ್ರವೇಶಿಸದಂತೆ ಇನ್ನೊಬ್ಬರಿಗೆ, ಕಟ್ಟಡ ಕಟ್ಟದಂತೆ ಮತ್ತೊಬ್ಬರಿಗೆ ನಿರ್ಬಂಧ ಹಾಕಬಹುದು, ಮತ್ತು ಈ ಮೂರೂ ಒಂದೇ ಅಲ್ಲ. ಮಾರಕೂಡದೆಂಬ ಆದೇಶವಿದ್ದವನು ಉಳುವುದಕ್ಕೆ ಅಡ್ಡಿಯಿಲ್ಲ.

ಇಲ್ಲಿ ‘ತಡೆಯಾಜ್ಞೆ’ ಎಂಬ ಪದ ಸಂಪೂರ್ಣ ಸೋಲುವ ಒಂದು ಸಂದರ್ಭವನ್ನು ಹೇಳದೆ ಇರಲಾರೆ. ಅದೇ ಕಾಯ್ದೆಯ 39ನೇ ಕಲಮಿನಡಿ ನ್ಯಾಯಾಲಯವು ‘ಈ ಗೋಡೆಯನ್ನು ಕೆಡವು’, ‘ಮುಚ್ಚಿದ ದಾರಿಯನ್ನು ತೆರೆ’ ಎಂದೂ ಆದೇಶ ಮಾಡಬಹುದು. ಅದೂ ಇಂಜಂಕ್ಷನ್ನೇ. ಹಳೇ ಪೇಟೆಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುವ ಮನೆಗಳ ಜಗಳಗಳಲ್ಲಿ ಇಂಥ ಬೇಡಿಕೆ ಸಾಮಾನ್ಯ. ಕನ್ನಡದ ದಾವೆ, ಅರ್ಜಿಗಳಲ್ಲಿ ಇದನ್ನು ಕಡ್ಡಾಯ ನಿರ್ಬಂಧಕಾಜ್ಞೆ ಎನ್ನುತ್ತಾರೆ. ಮಾಡು ಎನ್ನುವುದಕ್ಕೆ ನಿರ್ಬಂಧ ಎಂಬ ಹೆಸರು ವಿಚಿತ್ರವೇ. ಆದರೆ ಒಮ್ಮೆ ಒಂದು ವರದಿಯಲ್ಲಿ ಗೋಡೆ ತೆರವಿಗೆ ಆದೇಶವಾಗಿದ್ದನ್ನು ‘ಗೋಡೆ ತೆರವಿಗೆ ತಡೆಯಾಜ್ಞೆ’ ಎಂದು ಅಚ್ಚು ಮಾಡಿದ್ದನ್ನು ನೋಡಿ, ಅದಕ್ಕಿಂತ ಈ ವಿಚಿತ್ರವೇ ಮೇಲೆಂದು ನನಗೆ ಅನಿಸಿತು. ಅರ್ಥ ತಲೆಕೆಳಗಾಗಿತ್ತು.

ಹೆಸರಿನ ಗೊಂದಲ ಮಾತ್ರವಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಎರಡು ಆದೇಶಗಳ ಪರಿಣಾಮವೂ ಬೇರೆ ಎಂಬುದನ್ನು ಸುಪ್ರೀಂ ಕೋರ್ಟ್ 1967ರಲ್ಲಿ, ಮುಲ್‌ರಾಜ್ ಮತ್ತು ಮೂರ್ತಿ ರಘುನಾಥಜಿ ಮಹಾರಾಜ್ ನಡುವಿನ ಪ್ರಕರಣದಲ್ಲಿ, ವಿವರವಾಗಿ ಹೇಳಿದೆ. ಸ್ಟೇ ಆದೇಶ ಹೋಗುವುದು ಕೆಳಗಿನ ನ್ಯಾಯಾಲಯಕ್ಕೆ. ಅದು ತಿಳಿದ ಕ್ಷಣದಿಂದ ಆ ನ್ಯಾಯಾಲಯ ಮುಂದುವರಿಯುವಂತಿಲ್ಲ, ತಿಳಿದ ಮೇಲೂ ಮುಂದುವರಿದರೆ ಆ ನಡವಳಿಗಳು ಶೂನ್ಯ. ತಿಳಿಯುವುದಕ್ಕೆ ಮೊದಲು ನಡೆದದ್ದು ತಾನಾಗಿಯೇ ಶೂನ್ಯವಾಗುವುದಿಲ್ಲ. ಇಂಜಂಕ್ಷನ್ ಹೋಗುವುದು ಕಕ್ಷಿದಾರನಿಗೆ. ಅದನ್ನು ತಿಳಿದೂ ಮೀರಿದರೆ ಅವನಿಗೆ ಶಿಕ್ಷೆಯಾಗಬಹುದು, ಆದರೆ ನ್ಯಾಯಾಲಯವನ್ನು ಉದ್ದೇಶಿಸಿ ಮಾಡಿದ ಆದೇಶ ಅದಲ್ಲವಾದ್ದರಿಂದ, ಅದಿದ್ದೂ ನಡೆದ ನ್ಯಾಯಾಲಯದ ನಡವಳಿ ಶೂನ್ಯವಾಗುವುದಿಲ್ಲ. ಈ ವ್ಯತ್ಯಾಸ ನಮ್ಮ ಕಚೇರಿಯ ದಿನನಿತ್ಯದ ಕೆಲಸದಲ್ಲಿ ಎಷ್ಟು ಮುಖ್ಯವಾಗಿತ್ತು ಎಂದರೆ, ಮೇಲಿನ ನ್ಯಾಯಾಲಯದ ಸ್ಟೇ ಆದೇಶ ಟಪಾಲಿನಲ್ಲಿ ಬಂದರೆ ಅದರ ಮೇಲೆ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆಯುತ್ತಿದ್ದೆವು. ಜಮೀನಿನ ಹರಾಜು ಮಧ್ಯಾಹ್ನವಿದ್ದು ಆದೇಶ ಬೆಳಿಗ್ಗೆ ಬಂದಿದ್ದರೆ ಒಂದು ಕಥೆ, ಸಂಜೆ ಬಂದಿದ್ದರೆ ಇನ್ನೊಂದು.

ಮೀರಿದವನಿಗೆ ಏನಾಗುತ್ತದೆ ಎಂಬ ವಿಷಯದಲ್ಲಿಯೂ ಜನರಿಗೆ ತಪ್ಪು ಕಲ್ಪನೆಯಿದೆ. ಇಂಜಂಕ್ಷನ್ ಸಿಕ್ಕವರು ನೇರವಾಗಿ ಪೊಲೀಸ್ ಠಾಣೆಗೆ ಹೋಗಿ, ಎದುರು ಪಕ್ಷದವರನ್ನು ಒಳಗೆ ಹಾಕಿ ಎನ್ನುತ್ತಾರೆ. ಕಾನೂನಿನ ದಾರಿ ಅದಲ್ಲ. 39ನೇ ಆದೇಶದ 2ಎ ನಿಯಮದಡಿ ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಉಲ್ಲಂಘನೆಯನ್ನು ಸಾಬೀತುಪಡಿಸಬೇಕು. ಆಗ ನ್ಯಾಯಾಲಯ ಆಸ್ತಿಯನ್ನು ಜಪ್ತಿ ಮಾಡಿಸಬಹುದು, ಮೂರು ತಿಂಗಳು ಮೀರದಂತೆ ಸಿವಿಲ್ ಕಾರಾಗೃಹಕ್ಕೂ ಕಳುಹಿಸಬಹುದು. ಪೊಲೀಸರ ರಕ್ಷಣೆ ಬೇಕೆಂದರೆ ಅದನ್ನೂ ನ್ಯಾಯಾಲಯದಿಂದಲೇ ಕೇಳಿಕೊಳ್ಳಬೇಕು.

ಆದೇಶ ಎಷ್ಟು ಕಾಲದ್ದು ಎಂಬ ಪ್ರಶ್ನೆಯನ್ನು ವರದಿಗಳು ಬಹುಮಟ್ಟಿಗೆ ಕೈಬಿಡುತ್ತವೆ. ಎದುರು ಪಕ್ಷದವರನ್ನು ಕೇಳದೆ ಮೊದಲ ದಿನವೇ ಕೊಡುವ ಏಕಪಕ್ಷೀಯ ಆದೇಶಗಳು ಸಾಮಾನ್ಯವಾಗಿ ಮುಂದಿನ ವಾಯಿದೆಯವರೆಗೆ ಮಾತ್ರ ಇರುತ್ತವೆ. ಆ ದಿನ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗೆ ಏಕಪಕ್ಷೀಯವಾಗಿ ಇಂಜಂಕ್ಷನ್ ಪಡೆದವನು ದಾವೆಯ, ಅರ್ಜಿಯ, ಪ್ರಮಾಣಪತ್ರದ ನಕಲುಗಳನ್ನು ಎದುರಾಳಿಗೆ ತಕ್ಷಣ ತಲುಪಿಸಿ ಅಥವಾ ರಿಜಿಸ್ಟರ್ಡ್ ಅಂಚೆಗೆ ಹಾಕಿ, ಅದೇ ದಿನ ಅಥವಾ ಮರುದಿನ ಹಾಗೆ ಮಾಡಿದ್ದೇನೆಂದು ಪ್ರಮಾಣಪತ್ರ ಸಲ್ಲಿಸಬೇಕು. ನ್ಯಾಯಾಲಯವೂ ಆ ಅರ್ಜಿಯನ್ನು 30 ದಿನಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕು, ಆಗದಿದ್ದರೆ ಕಾರಣ ಬರೆಯಬೇಕು. ಇದು ಕಾನೂನು. ವಾಡಿಕೆಯಲ್ಲಿ ಏನಾಗುತ್ತದೆ ಎಂಬುದನ್ನು ನ್ಯಾಯಾಲಯದ ಕಾರಿಡಾರಿನಲ್ಲಿ ನಿಂತವರಿಗೆ ನಾನು ಹೇಳಬೇಕಾಗಿಲ್ಲ.

ಇದೇ ವಿಷಯದಲ್ಲಿ ಪತ್ರಿಕೆಗಳು ಅರ್ಧ ಹೇಳಿ ಬಿಟ್ಟ ಒಂದು ಸುದ್ದಿ ಈಗಲೂ ಜನರ ನಡುವೆ ಓಡಾಡುತ್ತಿದೆ. ವಿಚಾರಣೆಗಳಿಗೆ ಕೊಟ್ಟ ಸ್ಟೇ ಆರು ತಿಂಗಳ ನಂತರ, ಕಾರಣ ಬರೆದು ವಿಸ್ತರಿಸದಿದ್ದರೆ, ತಾನಾಗಿಯೇ ಕೊನೆಗೊಳ್ಳುತ್ತದೆಂದು 2018ರಲ್ಲಿ ಏಷ್ಯನ್ ರಿಸರ್ಫೇಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದು ಎಲ್ಲ ಪತ್ರಿಕೆಗಳಲ್ಲಿಯೂ ದೊಡ್ಡದಾಗಿ ಬಂತು. 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ತಳ್ಳಿಹಾಕಿ, ಹೈಕೋರ್ಟಿನ ಮಧ್ಯಂತರ ಆದೇಶ ಕಾಲ ಕಳೆದ ಮಾತ್ರಕ್ಕೆ ತಾನಾಗಿಯೇ ರದ್ದಾಗುವುದಿಲ್ಲ ಎಂದಿತು. ಅದು ಅಷ್ಟು ದೊಡ್ಡದಾಗಿ ಬರಲಿಲ್ಲ. ಪರಿಣಾಮವಾಗಿ ‘ಆರು ತಿಂಗಳಾಯ್ತು, ಸ್ಟೇ ಹೋಯ್ತು’ ಎಂದು ಲೆಕ್ಕ ಹಾಕುವವರು ಹರಿಹರದಲ್ಲೂ ಇದ್ದಾರೆ, ಹೊಳಲ್ಕೆರೆಯಲ್ಲೂ ಇದ್ದಾರೆ.

‘ಯಥಾಸ್ಥಿತಿ ಕಾಪಾಡಲು ಆದೇಶ’ ಎಂಬ ಸುದ್ದಿಯಲ್ಲೂ ಯಾವ ಸ್ಥಿತಿ ಎಂದು ಹೇಳದಿದ್ದರೆ ಎರಡೂ ಕಡೆಯವರು ತಾವೇ ಸ್ವಾಧೀನದಲ್ಲಿದ್ದೇವೆ ಎನ್ನುತ್ತಾರೆ. ಈ ಪದ ಅಸ್ಪಷ್ಟವಾದದ್ದೆಂದು ಸುಪ್ರೀಂ ಕೋರ್ಟೇ 1987ರಲ್ಲಿ ಹೇಳಿದೆ. ‘ನಿಷೇಧಾಜ್ಞೆ’ಯನ್ನಂತೂ ಇದರೊಂದಿಗೆ ಬೆರೆಸಲೇಬಾರದು. ಅದು ಸಿವಿಲ್ ನ್ಯಾಯಾಲಯದ್ದಲ್ಲ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮಿನಡಿ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ, ಶಾಂತಿ ಕಾಪಾಡುವುದಕ್ಕೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಹೊರಡಿಸುವಂಥದ್ದು.

ಒಂದು ಕಾಲಂ ತಲೆಬರಹದಲ್ಲಿ ಇಷ್ಟೆಲ್ಲ ಹೇಳಲು ಜಾಗವೆಲ್ಲಿ ಎಂದು ನಿಮ್ಮ ಉಪಸಂಪಾದಕರು ಕೇಳಬಹುದು. ಜಾಗ ಹೆಚ್ಚು ಬೇಕಿಲ್ಲ, ಕಡಿಮೆಯೇ ಸಾಕು. ಸ್ಟೇ ಇದ್ದಲ್ಲಿ ‘ತಡೆ’ ಎಂದು, ಇಂಜಂಕ್ಷನ್ ಇದ್ದಲ್ಲಿ ‘ನಿರ್ಬಂಧ’ ಎಂದು ಬರೆಯುವ ರೂಢಿ ಮಾಡಿಕೊಂಡರೆ ‘ತಡೆಯಾಜ್ಞೆ’ಗಿಂತ ಅಕ್ಷರಗಳೇ ಉಳಿಯುತ್ತವೆ. ‘ಖಾತೆ ಆದೇಶಕ್ಕೆ ತಡೆ’, ‘ತೋಟ ಮಾರದಂತೆ ನಿರ್ಬಂಧ’. ತಡೆ ಎಂದಾಗ ಅದರ ಹಿಂದೆ ಒಂದು ಆದೇಶವೋ ವಿಚಾರಣೆಯೋ ಇರಲೇಬೇಕು; ನಿರ್ಬಂಧ ಎಂದಾಗ ಒಂದು ಕ್ರಿಯೆ ಮತ್ತು ಅದನ್ನು ಮಾಡಕೂಡದ ಒಬ್ಬ ವ್ಯಕ್ತಿ ಇರಲೇಬೇಕು. ಅವು ಯಾವುವೆಂದು ವರದಿಗಾರರಿಗೆ ಹೇಳಲು ಆಗದಿದ್ದರೆ ಅವರು ಆದೇಶವನ್ನು ನೋಡಿಲ್ಲವೆಂದೇ ತಿಳಿಯಬಹುದು. ‘ಹಾಡುಹಗಲಿನಂತೆ ಎಲ್ಲರಿಗೂ ಗೊತ್ತಿರುವ ಪದವನ್ನು ಏಕೆ ಬಿಡಬೇಕು’ ಎಂದು ಕೇಳುವವರೂ ಇರಬಹುದು. ಬಿಡಬೇಕೆಂದು ನಾನು ಹೇಳುತ್ತಿಲ್ಲ, ಅದನ್ನು ಸ್ಟೇಗೆ ಮೀಸಲಿಡಿ ಎನ್ನುತ್ತಿದ್ದೇನೆ. ಜನ ಬಾಯಿಮಾತಿನಲ್ಲಿ ‘ಸ್ಟೇ’, ‘ಇಂಜಂಕ್ಷನ್’ ಎಂದೇ ಅನ್ನುತ್ತಾರೆ, ಮತ್ತು ಒಪ್ಪಿಕೊಳ್ಳಬೇಕಾದ ಮಾತೆಂದರೆ, ಈ ವಿಷಯದಲ್ಲಿ ಅವರ ಇಂಗ್ಲಿಷು ನಮ್ಮ ಅಚ್ಚಿನ ಕನ್ನಡಕ್ಕಿಂತ ಖಚಿತವಾಗಿದೆ. ಅಗತ್ಯಬಿದ್ದರೆ ಆ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆದರೂ ಮೈಲಿಗೆಯಾಗುವುದಿಲ್ಲ.

ವರದಿಗಾರರಲ್ಲಿ ಇನ್ನೊಂದು ಬೇಡಿಕೆ. ಆದೇಶ ಎಷ್ಟೇ ಪುಟಗಳಿದ್ದರೂ ಕೊನೆಯಲ್ಲಿ ‘ಆದೇಶ’ ಎಂಬ ತಲೆಬರಹದ ಕೆಳಗೆ ನಾಲ್ಕೈದು ಸಾಲುಗಳಿರುತ್ತವೆ. ಯಾರಿಗೆ, ಯಾವುದಕ್ಕೆ, ಯಾವ ದಿನದವರೆಗೆ ಎಂಬುದು ಅಷ್ಟರಲ್ಲೇ ಇರುತ್ತದೆ. ಕಕ್ಷಿದಾರರೋ ಅವರ ಕಡೆಯವರೋ ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುವ ಬದಲು, ಇ-ಕೋರ್ಟ್ಸ್ ಜಾಲತಾಣದಲ್ಲಿ ಆ ಸಾಲುಗಳು ಸಿಕ್ಕಿದರೆ ಅಲ್ಲಿ, ಇಲ್ಲದಿದ್ದರೆ ವಕೀಲರ ಬಳಿಯಿರುವ ನಕಲಿನಲ್ಲಿ ಓದಿ ಬರೆದರೆ ಸಾಕು. ಚನ್ನಗಿರಿಯ ಆ ಅಣ್ಣತಮ್ಮಂದಿರ ಮೇಲ್ಮನವಿ ಇನ್ನೂ ಬಾಕಿಯಿದೆ. ಅದರ ಅಂತಿಮ ಆದೇಶವಾದ ದಿನವೂ ಯಾರಾದರೊಬ್ಬರು ಪತ್ರಿಕೆಗೆ ಸುದ್ದಿ ಮುಟ್ಟಿಸದೆ ಇರುವುದಿಲ್ಲ. ಖಾತೆ ಯಾರ ಹೆಸರಿಗಾದರೂ ಅದು ಕಂದಾಯ ದಾಖಲೆಯ ಮಾತು, ತೋಟದ ಒಡೆತನದ ತೀರ್ಮಾನ ಸಿವಿಲ್ ನ್ಯಾಯಾಲಯದ್ದು ಎಂಬ ಒಂದು ಸಾಲನ್ನು ಆ ಸುದ್ದಿಯ ಕೊನೆಯಲ್ಲಿ ಸೇರಿಸುವಂತೆ, ಅದು ನಿಮ್ಮ ಪತ್ರಿಕೆಗೆ ಬಂದರೆ, ದಯವಿಟ್ಟು ನೋಡಿಕೊಳ್ಳಿ. ಅವರು ಅದನ್ನೂ ಲ್ಯಾಮಿನೇಷನ್ ಮಾಡಿಸುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿರಸ್ತೇದಾರ,
ದಾವಣಗೆರೆ